ಎಮ್ಮೆಬಂಡೆ ಮುಳುಗಿದಾಗ

ಹೊಳೆ ಬಳಸಿ ತಿರುಗುವ ಕಡೆ ಒಂದು ಹೆಬ್ಬಂಡೆ. ಅದರ ನೆತ್ತಿಯ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಗುಡಿಸಲು, ಒಂದು ಒಲೆ, ಒಬ್ಬ ಗುರು, ಒಬ್ಬ ಶಿಷ್ಯ.

ಗುರುಗಳನ್ನು ಜನ ಬಂಡೆಸ್ವಾಮಿ ಎಂದು ಕರೆಯುತ್ತಿದ್ದರು. ಸಾಯುವವರೆಗೂ ಈ ಬಂಡೆ ಬಿಟ್ಟು ಇಳಿಯುವುದಿಲ್ಲ ಎಂದು ಹರೆಯದಲ್ಲೇ ವ್ರತ ತೊಟ್ಟವರು. ಹೆತ್ತ ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ಇಳಿದಿರಲಿಲ್ಲ. ಬಂಡೆಯ ಅಂಚಿಗೆ ಬಂದು ಆ ದಿಕ್ಕಿಗೆ ಅಡ್ಡಬಿದ್ದರು, ಅಷ್ಟೇ. ಸುತ್ತಲ ಜನಕ್ಕೆಲ್ಲ ಅದು ಗೊತ್ತಿತ್ತು.

ಶಿಷ್ಯನ ಹೆಸರು ಹೊನ್ನಯ್ಯ. ಓದಿದವನು, ಮೈಗಳ್ಳನಲ್ಲ, ಮನಸ್ಸು ಬಂಗಾರ. ಆದರೆ ಪುಕ್ಕಲ. ಒಲೆ ಆರಿಸಿ ಮಲಗಿದರೆ, ಆರಿಸಿದೆನೋ ಇಲ್ಲವೋ ಎಂದು ಎದ್ದು ಹೋಗಿ ನೋಡುವನು. ನೋಡಿ ಬಂದು ಮಲಗಿದರೆ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಏಳುವನು. ಇಂಥವನ ಜೊತೆ ಒಂದೇ ಗುಡಿಸಲಲ್ಲಿ ಮಲಗುವುದು ಗುರುಗಳಿಗೂ ಒಂದು ತಪಸ್ಸೇ ಆಗಿತ್ತು.

ಬಂಡೆಯಿಂದ ಕೆಳಕ್ಕೆ, ಹೊಳೆ ಹರಿದು ಹೋಗುವ ದಿಕ್ಕಿನಲ್ಲಿ, ತಗ್ಗಿನಲ್ಲಿ ಕುಂಬಾರಹಟ್ಟಿ. ಒಳ್ಳೆಯ ಜೇಡಿಮಣ್ಣು ಸಿಗುವುದು ಅಲ್ಲೇ, ಹಾಗಾಗಿ ಕುಂಬಾರರಿಗೆ ಜಾಗ ಬಿಡುವ ಹಾಗಿಲ್ಲ. ಹಟ್ಟಿಯ ಬೆನ್ನಿಗೆ ಒಂದು ದಿಬ್ಬ, ದಿಬ್ಬದ ಮೇಲೆ ಒಂದು ಬೇವಿನ ಮರ. ಹೊನ್ನಯ್ಯನ ಅಕ್ಕ ದ್ಯಾಮವ್ವನನ್ನು ಕೊಟ್ಟದ್ದು ಅದೇ ಹಟ್ಟಿಗೆ. ಆ ವರ್ಷ ಅವಳು ತುಂಬಿದ ಬಸುರಿ.

ಹೊಳೆಯ ನಡುವೆ ಎಮ್ಮೆ ಮಲಗಿದ ಹಾಗೆ ಒಂದು ಕಲ್ಲಿತ್ತು. ಎಮ್ಮೆಬಂಡೆ ಎಂದೇ ಅದರ ಹೆಸರು. ಅದರ ಬೆನ್ನು ಮುಳುಗಿತೆಂದರೆ, ಒಬ್ಬ ಮನುಷ್ಯ ನಿಧಾನವಾಗಿ ಉಂಡು ಕೈ ತೊಳೆಯುವಷ್ಟರಲ್ಲಿ ಹಟ್ಟಿಗೆ ನೀರು. ಆದರೆ ಆ ಕಲ್ಲು ಕಾಣುವುದು ಆಶ್ರಮದವರಿಗೆ ಮಾತ್ರ. ಹಟ್ಟಿಯವರಿಗೆ ಹೊಳೆಯ ತಿರುವು ಅಡ್ಡ.

ಹಿಂದಿನ ಮಳೆಗಾಲದಲ್ಲಿ ಹೊನ್ನಯ್ಯ ಅದು ಮುಳುಗುವುದನ್ನು ಕಣ್ಣಾರೆ ಕಂಡಿದ್ದ. ಬಂಡೆಯ ತುದಿಗೆ ಓಡಿ ಬಂದು ಗಂಟಲು ಹರಿಯುವ ಹಾಗೆ ಕೂಗಿದ್ದ. ಹೊಳೆಯ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಿಸಿರಲಿಲ್ಲ. ಆ ಸಲ ಹಟ್ಟಿಯ ಮೂವರು ಹೋದರು. ಅಕ್ಕ ಮಾವಿನ ಮರ ಹತ್ತಿ ಬದುಕಿದಳು.

ಅಂದಿನಿಂದ ಹೊನ್ನಯ್ಯನಿಗೆ ನಿದ್ದೆ ಸರಿಯಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದರು.

“ಹೊನ್ನಯ್ಯ, ಇನ್ನೊಂದು ಮಳೆಗಾಲ ಬರ್ತಾ ಇದೆ.”

“ಗೊತ್ತು ಗುರುಗಳೇ. ಅದೇ ಯೋಚನೆ ನನಗೆ.”

“ಹಟ್ಟಿಯವರು ಹೊಳೆಗಿಂತ ಮುಂಚೆ ದಿಬ್ಬ ಹತ್ತಬೇಕು. ಅದಕ್ಕೆ ಏನು ಮಾಡಿದರೆ ಸರಿ, ನೋಡಿ ನೀನೇ ಆರಿಸು.”



“ನಾನಾ? ನನ್ನ ಕೈಲಿ ಆಗುತ್ತಾ ಗುರುಗಳೇ? ತಪ್ಪಿ ಹೋದರೆ ಜನ ಸಾಯ್ತಾರೆ. ಅಕ್ಕ ಇದ್ದಾಳೆ ಅಲ್ಲಿ.”

“ಅದಕ್ಕೇ ನೀನು. ಹೆದರುವವನು ಚೆನ್ನಾಗಿ ಹುಡುಕುತ್ತಾನೆ.”

ಹುಡುಕಿದ, ಪಾಪ. ಊಟ ತಿಂಡಿ ಬಿಟ್ಟು ಹುಡುಕಿದ.

ಮೊದಲು ನಗಾರಿ ನೋಡಿದ. ಸದ್ದೇನೋ ಜೋರು, ಎದೆಗೇ ಬಡಿಯುವಂಥದ್ದು. ಆದರೆ ಇವನು ಸುಮ್ಮನಿರುವ ಗಿರಾಕಿಯಲ್ಲ. ಒಂದು ಕೊಡ ನೀರು ತಂದು ಅದರ ಮೇಲೆ ಸುರಿದ. ನಗಾರಿಯವನು ಹಾಂ ಹಾಂ ಅನ್ನುತ್ತಿದ್ದ ಹಾಗೇ ಸುರಿದುಬಿಟ್ಟ. ತೊಗಲು ಸಡಿಲಾಯಿತು. ಬಾರಿಸಿದರೆ ಹಾಸಿಗೆ ಕೊಡವಿದ ಹಾಗೆ ದಬ ದಬ ಅಂತ ಸದ್ದು.

“ಮಳೇಲಿ ಇದು ಮೂಕ” ಎಂದು ಎದ್ದು ಬಂದ. ನಗಾರಿಯವನು ಬೈದದ್ದು ಊರಾಚೆಯವರೆಗೂ ಕೇಳಿಸುತ್ತಿತ್ತು.

ಬೆಂಕಿ ಹಾಕಿ ಹೊಗೆ ಎಬ್ಬಿಸೋಣವೆಂದರೆ ಕಟ್ಟಿಗೆ ನೆನೆಯುತ್ತದೆ. ಕೊಂಬು ಊದೋಣವೆಂದರೆ ಅದು ಎಲ್ಲರ ಉಸಿರಿಗೂ ಬಗ್ಗುವುದಿಲ್ಲ. ಊದುವವನೇ ಆ ದಿನ ಕೆಮ್ಮುತ್ತಾ ಮಲಗಿದ್ದರೆ? ಓಡಿ ಹೋಗಿ ಹೇಳೋಣವೆಂದರೆ ಕಾಲು ಜಾರಿದರೆ?

ಕೊನೆಗೆ ಕಂಚುಗಾರನ ಮನೆಯಲ್ಲಿ ಒಂದು ಗಂಟೆ ಕಂಡ. ನೀರು ಸುರಿದ, ಅದೇ ನಾದ. ಕೆಸರು ಬಳಿದ, ಅದೇ ನಾದ. ಮುದುಕಿಯೊಬ್ಬಳ ಕೈಯಲ್ಲಿ ಹಗ್ಗ ಎಳೆಸಿದ, ಅದೇ ನಾದ. ಕಂಚುಗಾರ ನಗುತ್ತಾ, “ಬಾವಿಗೆ ಬೇಕಾದ್ರೂ ಹಾಕಿ ನೋಡಪ್ಪ” ಅಂದ. ಇವನು ನಿಜವಾಗಿಯೂ ಹಾಕಿ ನೋಡಿದ.

ಆದರೆ ಅದು ಚಿಕ್ಕದು. ಹೊಳೆಯ ಮೊರೆತ ಮೀರಿ ಕೇಳಿಸಬೇಕಾದರೆ ದೊಡ್ಡದೇ ಬೇಕು. ದೊಡ್ಡದಕ್ಕೆ ಕಂಚು ಬೇಕು.

ಹಟ್ಟಿಯವರು ಕೊಟ್ಟರು. ಮಣ್ಣಿನ ಮಡಕೆಯಲ್ಲಿ ಉಣ್ಣುವ ಜನ, ಮನೆಗೊಂದು ಕಂಚಿನ ಸಾಮಾನು ಇದ್ದರೆ ಹೆಚ್ಚು. ಅದನ್ನೇ ತಂದು ಸುರಿದರು. ದ್ಯಾಮವ್ವ ತನ್ನ ಮದುವೆಯ ತಂಬಿಗೆ ತಂದು ತಮ್ಮನ ಕೈಗಿಟ್ಟಳು.

“ಇದು ಅಮ್ಮ ಕೊಟ್ಟದ್ದಲ್ವಾ ಅಕ್ಕ?”

“ಹೂಂ. ನನ್ನ ಕೂಸಿನ ಜೀವಕ್ಕಿಂತ ಹೆಚ್ಚೇನೋ? ತಗೊಂಡು ಹೋಗು.”

ಅವನು ತಂಬಿಗೆ ಹಿಡಿದು ಅಲ್ಲೇ ಅತ್ತುಬಿಟ್ಟ.

ಮಳೆಗಾಲಕ್ಕೆ ಮೊದಲೇ ಬಂಡೆಯ ಅಂಚಿನಲ್ಲಿ ಎರಡು ಕಲ್ಲುಕಂಬ ನಿಂತವು. ನಡುವೆ ಗಂಟೆ ತೂಗಿತು. ಹೊನ್ನಯ್ಯ ಹಟ್ಟಿಗೆ ಹೋಗಿ ಮನೆ ಮನೆಗೂ ಹೇಳಿ ಬಂದ: ಈ ಗಂಟೆ ಕೇಳಿಸಿತು ಅಂದರೆ ಇದ್ದದ್ದು ಇದ್ದ ಹಾಗೇ ಬಿಟ್ಟು ದಿಬ್ಬ ಹತ್ತಿ.

ಗುರುಗಳು ಗಂಟೆಯನ್ನು ಸುತ್ತು ಬಂದು ನೋಡಿದರು.

“ಚೆನ್ನಾಗಿ ಆರಿಸಿದ್ದೀಯ.”

“ನಿಜವಾಗ್ಲೂ ಗುರುಗಳೇ? ಬೇರೆ ಯಾವುದಾದ್ರೂ ಬಿಟ್ಟುಹೋಯಿತಾ?”

“ಇಲ್ಲ.”

“ಹಗ್ಗ?”

“ಗಟ್ಟಿಯಾಗಿದೆ.”

“ಆದರೂ ಒಂದು ಸಲ ಬಾರಿಸಿ ನೋಡಿಬಿಡ್ತೀನಿ.”

ಬಾರಿಸಿದ. ಅಬ್ಬಾ, ಅದೆಂಥ ನಾದ! ಹೊಳೆಯ ಆಚೆ ದಡದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಕೆಳಗೆ ಹಟ್ಟಿಯಲ್ಲಿ ಜನ ಕೈಯಲ್ಲಿದ್ದದ್ದು ಬಿಸಾಡಿ ಓಡಿದರು. ತಿರುಗುತ್ತಿದ್ದ ತಿಗರಿಯ ಮೇಲೆ ಅರ್ಧ ಎದ್ದ ಮಡಕೆಗಳು ಹಾಗೇ ಕುಸಿದವು. ಮುದುಕರನ್ನು ಬೆನ್ನಿಗೆ ಹಾಕಿಕೊಂಡು, ಕೂಸುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಲ್ಲರೂ ದಿಬ್ಬದ ಮೇಲೆ ನಿಂತು ಏದುಸಿರು ಬಿಟ್ಟರು. ಹೊಳೆ ನೋಡಿದರೆ ಮೊಣಕಾಲುದ್ದ.

ಹೊನ್ನಯ್ಯ ಇಳಿದು ಓಡಿ ಬಂದು ಕೇಳಿದ: “ಕೇಳಿಸ್ತಾ?”

ಹಟ್ಟಿಯ ಯಜಮಾನ ತಿಪ್ಪಯ್ಯ ಬೆವರು ಒರೆಸಿಕೊಂಡು ನಕ್ಕ. “ಕೇಳಿಸ್ತಪ್ಪ. ಚೆನ್ನಾಗೇ ಕೇಳಿಸ್ತು.”

ಆ ರಾತ್ರಿ ಹೊನ್ನಯ್ಯ ಸುಖವಾಗಿ ಮಲಗಿದ. ಬೆಳಗಾಗುವಷ್ಟರಲ್ಲಿ ಅನುಮಾನ ಹುಟ್ಟಿತು. ನಿನ್ನೆ ಗಾಳಿ ಹಟ್ಟಿಯ ಕಡೆಗೆ ಬೀಸುತ್ತಿತ್ತು. ಇವತ್ತು ಈ ಕಡೆಗೆ ಬೀಸುತ್ತಿದೆ. ಇವತ್ತು ಕೇಳಿಸುತ್ತದೋ ಇಲ್ಲವೋ?

ಬಾರಿಸಿದ. ಜನ ಹತ್ತಿದರು. ಅವನು ಓಡಿ ಹೋಗಿ ಕೇಳಿದ. ಕೇಳಿಸಿತ್ತು.

ಮೋಡ ಕವಿಯಿತು. ಮೋಡ ಕವಿದಾಗ ನಾದ ಮಂದವಾಗುತ್ತದೇನೋ? ಬಾರಿಸಿದ. ಮಂಜು ಬಿತ್ತು, ಬಾರಿಸಿದ. ಹಟ್ಟಿಯಲ್ಲಿ ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕಿದ್ದಾರೆ, ಉರಿಯ ಸದ್ದಿನಲ್ಲಿ ಕೇಳಿಸುತ್ತದೋ? ಅದಕ್ಕೂ ಬಾರಿಸಿದ.

ಒಂದು ದಿನ ತಿಪ್ಪಯ್ಯ ದಿಬ್ಬದ ಮೇಲೆ ಅವನನ್ನು ಕೂರಿಸಿಕೊಂಡ.

“ನೋಡು ಹೊನ್ನಯ್ಯ, ಬೇಜಾರು ಮಾಡ್ಕೋಬೇಡ. ನೀನು ಬಾರಿಸಿದಾಗೆಲ್ಲ ತಿಗರಿ ಮೇಲಿನ ಮಡಕೆ ಹಾಳು. ಆವಿಗೆ ಬಿಟ್ಟು ಬಂದರೆ ಇಡೀ ಸುಟ್ಟ ಸರಕು ಹಾಳು. ನಿನಗೆ ಬೇಕಾಗಿರೋದು ಕೇಳಿಸ್ತೋ ಇಲ್ವೋ ಅನ್ನೋದು ತಾನೇ?”

“ಹೌದು, ಅಷ್ಟೇ.”

“ಹಂಗಾದರೆ ಕೇಳಿಸಿದವರು ಇದ್ದಲ್ಲಿಂದಲೇ ಒಂದು ಬಿಳಿ ಬಟ್ಟೆ ಬೀಸ್ತೀವಿ. ಬಂಡೆ ಮೇಲಿಂದ ನಿನಗೆ ಕಾಣುತ್ತೆ. ನೀನೂ ಓಡಿ ಬರೋದು ತಪ್ಪುತ್ತೆ.”

ಹೊನ್ನಯ್ಯನಿಗೆ ಹಾಲು ಕುಡಿದಷ್ಟು ಸಂತೋಷ. ಎಂಥ ಒಳ್ಳೆಯ ಉಪಾಯ! ಬಂಡೆ ಹತ್ತಿ ಬಂದವನೇ ಗುರುಗಳಿಗೆ ಹೇಳಿದ.

ಗುರುಗಳು ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ನಾನು ನಿನಗೆ ಏನು ಆರಿಸು ಅಂದಿದ್ದೆ?”

“ಹಟ್ಟಿಗೆ ಕೇಳಿಸುವಂಥದ್ದು.”

“ಹಾಗಂದಿದ್ದೆನಾ?”

“ಅಂದರೆ... ಹತ್ತಬೇಕು ಅಂದಿರಿ. ಹತ್ತಬೇಕಾದರೆ ಕೇಳಿಸಬೇಕಲ್ಲ ಗುರುಗಳೇ.”

ಗುರುಗಳು ಸೊಪ್ಪಿನ ಬುಟ್ಟಿ ಅವನ ಮುಂದೆ ತಳ್ಳಿದರು. “ಹುಳ ಇದೆಯಾ ನೋಡು.”

ಹೊನ್ನಯ್ಯ ಒಂದೊಂದೇ ಎಲೆ ಎತ್ತಿ ನೋಡಿದ. ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಅವನು ನೋಡಿ ಮುಗಿಸುವಷ್ಟರಲ್ಲಿ ಸೊಪ್ಪು ಬಾಡಿ ಹೋಗಿತ್ತು.

“ಹುಳ ಇಲ್ಲ ಗುರುಗಳೇ” ಎಂದು ತಲೆಯೆತ್ತಿದರೆ, ಗುರುಗಳು ಉಪ್ಪು ಹಾಕಿಕೊಂಡು ಬರೀ ಅನ್ನ ಉಣ್ಣುತ್ತಿದ್ದರು. ಅದೇನೆಂದು ಅವನಿಗೆ ಆಗ ತಿಳಿಯಲಿಲ್ಲ.

ಮಳೆಗಾಲ ಹಿಡಿಯಿತು. ದ್ಯಾಮವ್ವ ಹೆತ್ತಳು, ಗಂಡು ಕೂಸು. ಬಾಣಂತಿ ಹೊಸಿಲು ದಾಟುವ ಹಾಗಿಲ್ಲ, ಗಾಳಿಗೆ ಒಡ್ಡಿಕೊಳ್ಳುವ ಹಾಗಿಲ್ಲ. ಹೊನ್ನಯ್ಯನ ಕಳವಳಕ್ಕೆ ಈಗ ಕೂಸೂ ಸೇರಿಕೊಂಡಿತು. ಕೇಳಬೇಕೇ? ಬೆಳಿಗ್ಗೆ ಎದ್ದರೆ ಗಂಟೆ, ಉಂಡರೆ ಗಂಟೆ.

ಬಾರಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕೆಳಗೆ ನೋಡುವನು. ತಿಗರಿಯ ಪಕ್ಕ ಒಂದು ಬಿಳಿ ಬಟ್ಟೆ. ಆವಿಗೆಯ ಹತ್ತಿರ ಒಂದು. ಬಾವಿಕಟ್ಟೆಯಲ್ಲಿ ಒಂದು. ಕೊನೆಗೆ ಅಕ್ಕನ ಮನೆಯ ಬಾಗಿಲ ಸಂದಿಯಿಂದ ಒಂದು ಪುಟ್ಟ ಬಟ್ಟೆ, ಕೂಸಿನ ಲಂಗೋಟಿಯೇ ಇರಬೇಕು. ಅದನ್ನು ಕಂಡ ಮೇಲೆಯೇ ಅವನಿಗೆ ಉಸಿರು ಬರುತ್ತಿದ್ದದ್ದು.

ಬಟ್ಟೆ ಕಂಡರೂ ಒಮ್ಮೊಮ್ಮೆ ಸಮಾಧಾನವಾಗದು. ಓಡಿ ಇಳಿದು ಹೋಗಿ ಬಾಗಿಲ ಹೊರಗೆ ನಿಲ್ಲುವನು.

“ಅಕ್ಕಾ, ಕೇಳಿಸ್ತಾ?”

“ಕೇಳಿಸ್ತು ಕಣೋ, ಕೇಳಿಸ್ತು. ಕೂಸು ಈಗ ತಾನೇ ಮಲಗಿತ್ತು. ಹೋಗೋ ಮಾರಾಯ!”

ಹಾಗೆ ಒಂದು ಮಧ್ಯಾಹ್ನ. ಎಷ್ಟೋ ದಿನದ ಮೇಲೆ ಬಿಸಿಲು ಬಿದ್ದಿತ್ತು. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಹಟ್ಟಿಯಲ್ಲಿ ಬಿಸಿಲು ಕಂಡ ಖುಷಿಗೆ ಹಸಿ ಮಡಕೆಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಒಣಗಲು ಇಟ್ಟಿದ್ದರು.

ಹೊನ್ನಯ್ಯ ಹೊಳೆಯ ಕಡೆ ನೋಡಿದ. ಎಮ್ಮೆಬಂಡೆ ಕಾಣಲಿಲ್ಲ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕಲ್ಲಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಮೇಲೆಲ್ಲೋ ಘಟ್ಟದಲ್ಲಿ ಸುರಿದ ಮಳೆ ಬಿಸಿಲಿನಲ್ಲೇ ಇಳಿದು ಬರುತ್ತಿತ್ತು.

ಅವನು ಹಗ್ಗಕ್ಕೆ ಜೋತುಬಿದ್ದ. ಬಾರಿಸಿದ, ಬಾರಿಸಿದ, ತೋಳು ಕಳಚಿ ಬೀಳುವ ಹಾಗೆ ಬಾರಿಸಿದ. ಬಂಡೆಯೇ ನಡುಗಿತು.

ಕೆಳಗೆ ನೋಡಿದ.

ತಿಗರಿಯ ಪಕ್ಕ ಒಂದು ಬಿಳಿ ಬಟ್ಟೆ ಎದ್ದಿತು. ಬಾವಿಕಟ್ಟೆಯಲ್ಲಿ ಒಂದು. ಆವಿಗೆಯ ಹತ್ತಿರ ಒಂದು. ಎಲ್ಲರೂ ಬೀಸಿದರು, ಬೀಸಿ ಮತ್ತೆ ಕೆಲಸಕ್ಕೆ ಬಗ್ಗಿದರು.

“ಅಯ್ಯೋ, ಅಲ್ಲ! ನಿಜ! ಇವತ್ತು ನಿಜ!” ಹೊನ್ನಯ್ಯ ಕಿರುಚಿದ. ಇನ್ನೂ ಜೋರಾಗಿ ಬಾರಿಸಿದ.

ಜೋರಾಗಿ ಬಾರಿಸಿದರೆ ಅವರೂ ಜೋರಾಗಿ ಬೀಸಿದರು. ಪಾಪ, ಇವತ್ತು ಹುಚ್ಚಪ್ಪನಿಗೆ ಹೆದರಿಕೆ ಜಾಸ್ತಿಯಾಗಿದೆ ಅಂದುಕೊಂಡಿರಬೇಕು. ಒಬ್ಬಳು ಎರಡೂ ಕೈಯೆತ್ತಿ ಬೀಸಿದಳು. ಅಕ್ಕನ ಬಾಗಿಲ ಸಂದಿಯಿಂದ ಆ ಪುಟ್ಟ ಬಟ್ಟೆ ಹೊರಬಂದು, ಎರಡು ಸಲ ಆಡಿ, ಒಳಕ್ಕೆ ಹೋಯಿತು.

ಹೊನ್ನಯ್ಯನ ಕೈಯಿಂದ ಹಗ್ಗ ಜಾರಿತು.

“ಗುರುಗಳೇ! ಕೇಳಿಸ್ತಾ ಇದೆ ಅವರಿಗೆ! ಕೇಳಿಸ್ತಾ ಇದೆ, ಆದರೂ...”

ಗುರುಗಳು ಆಗಲೇ ಅವನ ಹಿಂದೆ ಬಂದು ನಿಂತಿದ್ದರು.

“ಓಡಿ ಹೋಗಿ ಹೇಳ್ತೀನಿ.”

“ದಿನಾ ಓಡಿ ಹೋಗಿ ಏನು ಹೇಳುತ್ತಿದ್ದೆ?”

ಮೆಟ್ಟಿಲ ಕಡೆ ಹೊರಟ ಹೊನ್ನಯ್ಯ ಅಲ್ಲೇ ನಿಂತ. ಅವನು ಓಡಿ ಬರುವುದೂ ಹಟ್ಟಿಯವರಿಗೆ ಗಂಟೆಯ ಬಾಲದ ಹಾಗೆ ಆಗಿಹೋಗಿತ್ತು. ಬೆವರು ಸುರಿಸುತ್ತಾ ಬಂದವನಿಗೆ ಕೇಳಿಸ್ತಪ್ಪ ಎಂದು ಹೇಳಿ, ಮಜ್ಜಿಗೆ ಕೊಟ್ಟು ಕಳಿಸುವುದು ಅವರಿಗೆ ಅಭ್ಯಾಸ.

“ಮುಗೀತು ಗುರುಗಳೇ. ನಾನೇ ಕೊಂದೆ ಎಲ್ಲರನ್ನೂ.”

ಗುರುಗಳು ಹೆಗಲ ಮೇಲಿನ ಕಾವಿ ಬಟ್ಟೆಯನ್ನು ತೆಗೆದು ಕೊಡವಿ, ತಲೆಗೆ ಸುತ್ತಿಕೊಂಡರು. ಗುಡಿಸಲ ಗೋಡೆಗೆ ಒರಗಿಸಿದ್ದ ದೊಣ್ಣೆ ಕೈಗೆ ತೆಗೆದುಕೊಂಡರು. ಬಂಡೆಯ ಮೆಟ್ಟಿಲ ಹತ್ತಿರ ಬಂದು ಒಂದು ಗಳಿಗೆ ನಿಂತರು.

ಆಮೇಲೆ ಇಳಿದರು.

ಹೊನ್ನಯ್ಯನಿಗೆ ತನ್ನ ಕಣ್ಣನ್ನು ನಂಬಲಾಗಲಿಲ್ಲ.

“ಗುರುಗಳೇ! ನಿಮ್ಮ ವ್ರತ!”

ಗುರುಗಳು ತಿರುಗಿ ನೋಡಲಿಲ್ಲ. ವಯಸ್ಸಾದ ಕಾಲು, ಇಳಿಜಾರಿನ ಅಭ್ಯಾಸವಿಲ್ಲ. ಆದರೂ ಬೇಗ ಬೇಗ ನಡೆದರು. ದಾರಿ ದಿಬ್ಬದ ನೆತ್ತಿಯ ಮೇಲೇ ಹಾದು, ಬೇವಿನ ಮರದ ಹತ್ತಿರ ಹಟ್ಟಿಗೆ ಇಳಿಯುತ್ತದೆ. ಗುರುಗಳು ಮರದ ಹತ್ತಿರ ಬಂದು ನಿಂತುಬಿಟ್ಟರು.

ಹಿಂದೆ ಓಡಿ ಬಂದ ಹೊನ್ನಯ್ಯ ಅಂಗಲಾಚಿದ. “ಯಾಕೆ ನಿಂತಿರಿ? ಕೆಳಗೆ ಬನ್ನಿ, ಅವರಿಗೆ ಹೇಳಿ!”

“ನಾನು ಕೆಳಗೆ ಹೋದರೆ ಅಲ್ಲೇ ಕಾಲಿಗೆ ಬೀಳ್ತಾರೆ” ಎಂದರು ಗುರುಗಳು.

ತಿಗರಿ ತಿರುಗಿಸುತ್ತಿದ್ದ ತಿಪ್ಪಯ್ಯ ಏತಕ್ಕೋ ತಲೆಯೆತ್ತಿದ. ದಿಬ್ಬದ ಮೇಲೆ ಕಾವಿ ಕಂಡಿತು. ಅವನ ಕೈ ತಿಗರಿಯ ಮೇಲೇ ನಿಂತಿತು.

“ಏ... ಅದು ಯಾರೋ? ಬಂಡೆಸ್ವಾಮಿ ಅಲ್ವೇನೋ? ಸ್ವಾಮಿ ಇಳಿದವ್ರೆ ಕಣ್ರೋ!”

“ಯಾರು?”

“ಬಂಡೆಸ್ವಾಮಿ! ಬಂಡೆ ಬಿಟ್ಟು ಇಳಿದವ್ರೆ! ಅಯ್ಯಯ್ಯೋ, ಏನಾಯ್ತೋ ಏನೋ!”

ಹಟ್ಟಿಗೆ ಹಟ್ಟಿಯೇ ಎದ್ದು ನಿಂತಿತು. ಯಾರೂ ಬಟ್ಟೆ ಬೀಸಲಿಲ್ಲ. ಹೆಂಗಸರು ಸೌಟು ಬಿಸಾಡಿದರು, ಗಂಡಸರು ಮಣ್ಣು ಮೆತ್ತಿದ ಕೈಯಲ್ಲೇ ಓಡಿದರು. ಆಶೀರ್ವಾದ ಸಿಗಲಿ ಎಂದು ಕೂಸುಗಳನ್ನು ಎತ್ತಿಕೊಂಡರು, ಒಮ್ಮೆ ಕಣ್ತುಂಬ ನೋಡಲಿ ಎಂದು ಮುದುಕರನ್ನು ಹೊತ್ತುಕೊಂಡರು. ಅಳುತ್ತಾ, ಕೂಗುತ್ತಾ ದಿಬ್ಬ ಹತ್ತಿದರು.

ಹೊನ್ನಯ್ಯ ಬಂದವರ ಮುಖ ಒಂದೊಂದೇ ನೋಡಿದ. ತಿಪ್ಪಯ್ಯ ಬಂದ. ಬಾವ ಬಂದ. ಬಾವನ ತಾಯಿ ಬಂದಳು. ಅಕ್ಕ ಇಲ್ಲ.

“ಅಕ್ಕ ಎಲ್ಲಿ?”

“ಬಾಣಂತಿ ಅಲ್ವೇನೋ, ಹೊರಗೆ ಹೆಂಗೆ ಬರ್ತಾಳೆ?” ಅಂದಳು ಬಾವನ ತಾಯಿ.

ಹೊನ್ನಯ್ಯ ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿದ. ತಿರುವಿನ ಕಡೆಯಿಂದ ಒಂದು ಸದ್ದು ಬರುತ್ತಿತ್ತು, ದೊಡ್ಡ ಗಾಡಿಯೊಂದು ಕಲ್ಲು ಹಾದಿಯಲ್ಲಿ ಉರುಳಿದ ಹಾಗೆ. ಅಂಗಳದ ಹಸಿ ಮಡಕೆಗಳ ನಡುವೆಯೇ ತುಳಿದು ಹೋಗಿ ಅಕ್ಕನ ಬಾಗಿಲು ದೂಡಿದ.

ದ್ಯಾಮವ್ವ ಕೂಸಿಗೆ ಹಾಲೂಡಿಸಿ ತೊಟ್ಟಿಲಿಗೆ ಹಾಕುತ್ತಿದ್ದಳು. ತಮ್ಮನನ್ನು ಕಂಡು ಹಣೆ ಚಚ್ಚಿಕೊಂಡಳು.

“ಕೇಳಿಸ್ತು ಕಣೋ! ಬಟ್ಟೆ ಬೀಸ್ದೆನಲ್ಲೋ! ಇನ್ನೂ ಏನೋ ನಿಂದು?”

ಹೊನ್ನಯ್ಯ ಏನೂ ಕೇಳಲಿಲ್ಲ. ಏನೂ ಹೇಳಲೂ ಇಲ್ಲ. ತೊಟ್ಟಿಲಿನಿಂದ ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡವನೇ ಬಾಗಿಲು ದಾಟಿ ಓಡಿದ.

“ಏಯ್! ಹುಚ್ಚು ಹಿಡೀತೇನೋ ನಿನಗೆ? ನನ್ನ ಕೂಸು! ಬಿಡೋ ನನ್ನ ಕೂಸನ್ನ!”

ಹೊಸಿಲೂ ನೆನಪಾಗಲಿಲ್ಲ, ಗಾಳಿಯೂ ನೆನಪಾಗಲಿಲ್ಲ. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಹಾರುತ್ತಿದ್ದ ಹಾಗೇ ಬಾಣಂತಿ ತಮ್ಮನ ಹಿಂದೆ ಓಡಿದಳು. ಬೈಯುತ್ತಾ ಓಡಿದಳು. ಕಲ್ಲು ಹೆಕ್ಕಿ ಒಂದು ಸಲ ಬೀಸಿಯೂ ಬೀಸಿದಳು, ಅದು ಅವನ ಬೆನ್ನಿಗೆ ಬಿತ್ತು. ಅವನು ನಿಲ್ಲಲಿಲ್ಲ.

ದಿಬ್ಬದ ಅರ್ಧಕ್ಕೆ ಬಂದಾಗ ಅವಳಿಗೆ ಕಾಲು ತಣ್ಣಗಾಯಿತು. ತಿರುಗಿ ನೋಡಿದಳು. ಹಟ್ಟಿ ಇದ್ದ ಕಡೆ ಹೊಳೆ ಇತ್ತು.

ಜನ ದಿಬ್ಬದ ಮೇಲಿಂದ ನೋಡುತ್ತಾ ನಿಂತರು. ಮನೆಗಳು ಒಂದೊಂದಾಗಿ ಮಂಡಿಯೂರಿದವು. ಮಡಕೆಗಳು ಕರಗಿ ಕೆಸರಾದವು, ತಿಗರಿಗಳು ತೇಲಿಹೋದವು, ಆವಿಗೆ ಬುಸ್ ಎಂದು ಆರಿತು. ಬಹಳ ಹೊತ್ತಿನ ಮೇಲೆ ತಿಪ್ಪಯ್ಯ ತಲೆ ಎಣಿಸಿದ. ಮತ್ತೆ ಎಣಿಸಿದ. ಎಲ್ಲರೂ ಇದ್ದರು.

ಆಗ ಅಳು ಎದ್ದಿತು.

ದ್ಯಾಮವ್ವ ತಮ್ಮನ ಕೈಯಿಂದ ಕೂಸನ್ನು ತೆಗೆದುಕೊಂಡಳು. ಅವನ ಬೆನ್ನು ಸವರಿದಳು. “ಜೋರಾಗಿ ಬಿತ್ತೇನೋ ಕಲ್ಲು?” ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಬಿದ್ದಿತ್ತು, ರಕ್ತವೂ ಬಂದಿತ್ತು.

ಸಂಜೆಯ ಹೊತ್ತಿಗೆ ಬಿಸಿಲು ಇಳಿಯಿತು. ಜನ ಬೇವಿನ ಮರದ ಆಚೆ ಒಲೆ ಹೂಡಿದರು. ಗುರುಗಳು ಮರದ ಬುಡದಲ್ಲಿ ಬಂಡೆಗೆ ಬೆನ್ನು ಮಾಡಿ ಕೂತಿದ್ದರು.

ಹೊನ್ನಯ್ಯ ಬಂದು ಎದುರು ನಿಂತ.

“ಹೊರಡೋಣವಾ ಗುರುಗಳೇ? ಕತ್ತಲಾಗುತ್ತೆ. ಮೆಟ್ಟಿಲು ಜಾರುತ್ತೆ, ನಾನು ಕೈ ಹಿಡೀತೀನಿ.”

“ನಾನು ಬರೋದಿಲ್ಲ.”

“ಅಂದರೆ?”

“ಇಳಿದವನು ಇಳಿದ ಹಾಗೇ. ಮತ್ತೆ ಹತ್ತಿ ಕೂತರೆ ಅದು ವ್ರತ ಅಲ್ಲ, ಆಟ.”

ಹೊನ್ನಯ್ಯ ಕುಸಿದು ಕೂತ. ಗುರುಗಳ ಬದುಕೆಲ್ಲ ಆ ಬಂಡೆಯ ಮೇಲಿತ್ತು. ಅವರಮ್ಮ ಸತ್ತಾಗಲೂ ಬಿಡದ ಬಂಡೆ. ಅದನ್ನು ತನ್ನ ಹೆದರಿಕೆ ಇಳಿಸಿತ್ತು. ಅವನಿಗೆ ದುಃಖ ಉಕ್ಕಿ ಬಂತು, ಮಾತಿಗಿಂತ ಮುಂಚೆ ಅಳು ಬಂತು.

“ನನ್ನಿಂದ ಆಯ್ತು ಗುರುಗಳೇ. ಎಲ್ಲ ನನ್ನಿಂದ.”

ತಿಪ್ಪಯ್ಯ ಅಲ್ಲೇ ಇದ್ದ. “ನಿನ್ನೊಬ್ಬಂದೇ ಅಲ್ಲ ಕಣಪ್ಪ. ಬಟ್ಟೆ ಬೀಸೋಣ ಅಂದೋನು ನಾನು.”

“ಒಪ್ಪಿದವನು ನಾನು” ಎಂದ ಹೊನ್ನಯ್ಯ. “ಬಟ್ಟೆ ಕಂಡರೆ ನನಗೆ ಸಮಾಧಾನ ಆಗ್ತಿತ್ತು. ನನ್ನ ಸಮಾಧಾನಕ್ಕೇ ಬಾರಿಸಿದೆ.”



ಹೊನ್ನಯ್ಯ ಮೂಗು ಒರೆಸಿಕೊಂಡ. ಹಳೆಯ ಕಳವಳ ಮತ್ತೆ ಹೆಡೆಯೆತ್ತಿತು. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಮುಂದಿನದು ಇದ್ದೇ ಇತ್ತು, ಕುಂಬಾರರು ಮಣ್ಣು ಬಿಟ್ಟು ಎಲ್ಲಿಗೂ ಹೋಗುವವರಲ್ಲ.

“ಮುಂದಿನ ಸಲ ಏನು ಮಾಡೋದು ಗುರುಗಳೇ? ನೀವು ಇಳಿದಾಗ ಎಲ್ಲರೂ ಹತ್ತಿದರು.”

“ಅದು ಒಂದೇ ಸಲ ಆಗೋದು. ಮುಗೀತು.”

“ಹಾಗಾದರೆ ಇನ್ನೂ ದೊಡ್ಡ ಗಂಟೆ?”

“ಈ ಗಂಟೆ ಇವತ್ತು ಕೇಳಿಸಲಿಲ್ಲವಾ?”

“ಕೇಳಿಸ್ತು.”

“ಮತ್ತೆ?”

“ಹಾಗಾದರೆ ಗಂಟೆ ತೆಗೆದು ಬೇರೆ ಏನಾದರೂ... ನಗಾರಿಗೆ ಸೂರು ಕಟ್ಟಿಸಿದರೆ? ಕೊಂಬು ಊದೋರು ಇಬ್ಬರು ಇದ್ದರೆ? ಇಲ್ಲಾ, ಗಂಟೆ, ನಗಾರಿ ಎರಡೂ ಇಟ್ಟರೆ? ಹೇಳಿ ಗುರುಗಳೇ, ಈ ಸಲ ನೀವೇ ಹೇಳಿ, ಯಾವುದನ್ನು ಆರಿಸಲಿ?”

ಮೇಲೆ ಬಂಡೆಯ ಅಂಚಿನಲ್ಲಿ ಗಂಟೆ ಕಾಣುತ್ತಿತ್ತು. ಗಾಳಿಗೆ ಹಗ್ಗ ಆಡುತ್ತಿತ್ತು. ಹೊನ್ನಯ್ಯ ಅದನ್ನೇ ನೋಡಿದ. ಗಾಳಿ ಜೋರಾದರೆ ತಾನಾಗೇ ಮೊಳಗಿಬಿಡುತ್ತದೇನೋ ಎಂದು ಆಗಲೇ ಅವನಿಗೆ ದಿಗಿಲು.

“ಗಂಟೆ ಅದೇ ಇರಲಿ” ಎಂದರು ಗುರುಗಳು. “ಬಾರಿಸದೆ ಅದರ ಪಕ್ಕ ಕೂರಬಲ್ಲವನೊಬ್ಬನನ್ನು ಆರಿಸು.”